ಪದ್ಮಿನಿ ತಾನಾಗೇ ಜಾರ್ತಿತ್ತು, ಸ್ವಿಫ್ಟ್ ಯಾಕೆ ಜಾರಲ್ಲ?

ಈ ವಾರದ ಕಥೆ ಶುರುವಾಗೋದು ಒಂದು ವಾಟ್ಸ್ಆ್ಯಪ್ ಮೆಸೇಜಿನಿಂದ. ಭದ್ರಾವತಿಯ ಕೇಳುಗ, ಹತ್ತೊಂಬತ್ತು ವರ್ಷದ ಹುಡುಗ. "ಅಣ್ಣಾ, ಸೇಫ್ ಆಗಿ ಡ್ರಿಫ್ಟ್ ಮಾಡೋದು ಕಲಿಯೋದು ಹೇಗೆ? ಮನೇಲಿ ಸ್ವಿಫ್ಟ್ ಇದೆ" ಅಂತ ಕೇಳಿದ್ದ. ನಾನು ಮೊದಲು "ಬೇಡ ತಮ್ಮಾ" ಅಂತ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಬೇಡ ಅಂದ್ರೆ ಅವನು ಕೇಳೋದನ್ನ ನಿಲ್ಲಿಸ್ತಾನೆ, ಮಾಡೋದನ್ನಲ್ಲ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪನ ಹತ್ರ ಪ್ರೀಮಿಯರ್ ಪದ್ಮಿನಿ ಇತ್ತು. ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಮಣ್ಣು ರಸ್ತೆ, ಎರಡೂ ಬದಿ ಅಡಿಕೆ ತೋಟ. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಸರ್ರನೆ ಬಲಕ್ಕೆ ಜಾರಿತು. ಚಿಕ್ಕಪ್ಪ ಬ್ರೇಕ್ ತುಳೀಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೀರಿಂಗನ್ನೂ ಬಲಕ್ಕೇ ತಿರುಗಿಸಿದ್ರು. ಕಾರು ಒಮ್ಮೆ ತೂಗಾಡಿ ನೇರ ಆಯ್ತು. "ಹೆದರಿ ಬ್ರೇಕ್ ತುಳಿದಿದ್ರೆ ಸೀದಾ ತೋಟಕ್ಕೆ ಹೋಗ್ತಿದ್ವಿ ಮಾರಾಯ" ಅಂದ್ರು, ಅಷ್ಟೆ. ಅದಕ್ಕೆ ಕೌಂಟರ್ ಸ್ಟೀರ್ ಅನ್ನೋ ಹೆಸರಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಮನೆಗೆ ವಾಪಸ್ ಬರಬೇಕು ಅಂದ್ರೆ ಅದು ಬರಲೇಬೇಕಿತ್ತು.

ಆ ಪದ್ಮಿನಿಗೂ ಭದ್ರಾವತಿಗೂ ಒಂದು ನಂಟಿದೆ. ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡ್ತು. ನಷ್ಟದಲ್ಲಿದ್ದ ಅದನ್ನ ಹಳಿಗೆ ತಂದವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ. ಇದು ನಮಗೆಲ್ಲ ಗೊತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನ ನೋಡಿಕೊಂಡು ಬಂದು, ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದ್ರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದ್ರು. ಕಾರ್ಖಾನೆ ಬೆಂಗಳೂರಿಗೆ ಬರಬೇಕು ಅನ್ನೋ ಆಸೆ ಇತ್ತು, ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದ್ ಬಾಂಬೆಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ರು. ಮುಂದೆ ಅದೇ ಕಂಪನಿ ಫಿಯೆಟ್ 1100 ಕಾರು ಮಾಡಿತು, ಅದೇ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡಿತು.

ಈಗ ಅಸಲಿ ವಿಷಯಕ್ಕೆ ಬರೋಣ. ಪದ್ಮಿನಿ, ಅಂಬಾಸಿಡರ್ ಎರಡರಲ್ಲೂ ಎಂಜಿನ್ ಮುಂದೆ, ಅದರ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಕೆಸರಿನಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ರೂ ಹಿಂದಿನ ಚಕ್ರ ಹಿಡಿತ ಬಿಡುತ್ತೆ, ಹಿಂಭಾಗ ಹೊರಗೆ ಬರುತ್ತೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದು ಮುಂದಿನ ಚಕ್ರದಿಂದ ಎಳೆಯೋ ಕಾರು. ಆಮೇಲೆ ನಮ್ಮ ಮನೆಗಳಿಗೆ ಬಂದ ಸಣ್ಣ ಕಾರುಗಳು ಹೆಚ್ಚುಕಮ್ಮಿ ಎಲ್ಲವೂ ಹಾಗೇ, ಸ್ವಿಫ್ಟ್ ಕೂಡ. ಇವುಗಳಲ್ಲಿ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಹಿಂಭಾಗ ಜಾರಲ್ಲ, ಮುಂಭಾಗವೇ ತಿರುಗದೆ ಹೊರಕ್ಕೆ ಹೋಗುತ್ತೆ. ಅದಕ್ಕೇ ರೀಲ್ಸ್ ಹುಡುಗರು ಹ್ಯಾಂಡ್‌ಬ್ರೇಕ್ ಎಳೀತಾರೆ. ಅದು ಡ್ರಿಫ್ಟ್ ಅಲ್ಲ. ಹಿಂದಿನ ಚಕ್ರ ಲಾಕ್ ಆಗಿ ಕಾರು ಬುಗುರಿ ಥರ ತಿರುಗೋದು. ಅದನ್ನ ಮಧ್ಯದಲ್ಲಿ ಹಿಡಿದು ನಿಲ್ಲಿಸೋಕೆ ಡ್ರೈವರ್ ಕೈಯಲ್ಲಿ ಏನೂ ಉಳಿದಿರಲ್ಲ.

ಹಾಗಾದ್ರೆ ಥಾರ್ ಥರದ ಹಿಂದಿನ ಚಕ್ರದ ಗಾಡಿ ತಗೊಂಡ್ರೆ? ಅದು ಎತ್ತರ ಗುರೂ. ಅಡ್ಡ ಜಾರುವಾಗ ಟಯರ್ ಒಂದು ಗುಂಡಿಗೋ ರಸ್ತೆ ಅಂಚಿಗೋ ಸಿಕ್ಕಿದ್ರೆ ಪಲ್ಟಿ.

ಡ್ರಿಫ್ಟ್ ಒಂದು ವಿದ್ಯೆಯಾಗಿ ಬೆಳೆದಿದ್ದು ಜಪಾನಿನಲ್ಲಿ. ಕುನಿಮಿತ್ಸು ತಾಕಾಹಾಶಿ ಅಂತ ಒಬ್ಬರು. 1961ರಲ್ಲೇ ಹೊಂಡಾ ಬೈಕಿನಲ್ಲಿ ಗ್ರ್ಯಾನ್ ಪ್ರಿ ಗೆದ್ದವರು. 1970ರ ದಶಕದ ಶುರುವಿನಲ್ಲಿ ಕಾರು ರೇಸಿನಲ್ಲಿ ತಿರುವುಗಳನ್ನ ಜಾರಿಸಿಕೊಂಡೇ ದಾಟ್ತಿದ್ರು. ಅವರಿಗೆ ಅದು ಶೋಕಿ ಅಲ್ಲ, ತಿರುವಿನಿಂದ ಹೊರಬರುವಾಗ ವೇಗ ಉಳಿಸಿಕೊಳ್ಳೋ ದಾರಿ. ಅವರನ್ನ ನೋಡಿ ಕಲಿತ ಕೇಯಿಚಿ ತ್ಸುಚಿಯಾ ಅದನ್ನ ಬೆಟ್ಟದ ರಸ್ತೆಗಳಿಗೆ ತಂದ್ರು. 1987ರಲ್ಲಿ ಬಂದ ಅವರ 'ಪ್ಲಸ್ಪಿ' ವಿಡಿಯೋ ಜಪಾನಿನ ಹುಡುಗರ ತಲೆ ಕೆಡಿಸ್ತು. 1995ರಿಂದ 'ಇನಿಷಿಯಲ್ ಡಿ' ಕಾಮಿಕ್ಸ್. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ನಿಮ್ಮ ತಲೇಲೂ ಅದರ ಮ್ಯೂಸಿಕ್ ಓಡಿರಬಹುದು. ನನಗಂತೂ ಓಡಿದೆ. ಆದರೆ ಅಲ್ಲಿ ಮೇಲೆ ಬರೋ ಬಸ್ಸು ತಿರುವಿನ ಪೂರ್ತಿ ಅಗಲ ತಗೊಂಡೇ ತಿರುಗಬೇಕು.

ಕಥೆ ಇಲ್ಲಿಗೆ ನಿಲ್ಲಿಸಿದ್ರೆ ಬೆಟ್ಟದ ರಸ್ತೆಯೇ ಹೀರೋ ಆಗುತ್ತೆ. ಮುಂದೆ ಏನಾಯ್ತು ಅನ್ನೋದು ರೀಲ್‌ನಲ್ಲಿ ಬರಲ್ಲ. 2001ರ ಹೊತ್ತಿಗೆ ಡಿ1 ಗ್ರ್ಯಾನ್ ಪ್ರಿ ಸರಣಿ ಶುರುವಾಗಿ ಡ್ರಿಫ್ಟ್ ಟ್ರ್ಯಾಕ್ ಒಳಗೆ ಹೋಯ್ತು. ತ್ಸುಚಿಯಾ ಅವರೇ ತೀರ್ಪುಗಾರರಾಗಿ ಕೂತ್ರು. ಎಬಿಸುವಿನಂಥ ಸರ್ಕ್ಯೂಟ್‌ಗಳಲ್ಲಿ ಹೊಸಬರಿಗೆ ಕಲಿಸೋ ಶಾಲೆಗಳು ಬಂದವು.

ಅಲ್ಲಿ ಕಲಿಸೋ ಕ್ರಮ ಕೇಳಿದ್ರೆ ನಿಮಗೆ ಬೋರ್ ಆಗಬಹುದು. ಸುತ್ತ ಮರ, ಕಂಬ, ಗೋಡೆ ಇಲ್ಲದ ಅಗಲವಾದ ಜಾಗ. ನೀರು ಹಾಕಿ ಒದ್ದೆ ಮಾಡಿರ್ತಾರೆ, ಯಾಕಂದ್ರೆ ಒದ್ದೆ ನೆಲದಲ್ಲಿ ಕಡಿಮೆ ವೇಗದಲ್ಲೇ ಚಕ್ರ ಜಾರುತ್ತೆ. ವೇಗ ಎರಡರಷ್ಟಾದ್ರೆ ಬ್ರೇಕ್ ಹಾಕಿ ನಿಲ್ಲೋಕೆ ಬೇಕಾದ ದೂರ ನಾಲ್ಕರಷ್ಟಾಗುತ್ತೆ. ಹಾಗಾಗಿ ಅಲ್ಲಿ ನಿಧಾನವೇ ಮೇಷ್ಟ್ರು. ಮೊದಲು ಒಂದು ಕೋನ್ ಸುತ್ತ ವೃತ್ತ, ಆಮೇಲೆ ಎರಡು ಕೋನ್ ಸುತ್ತ ಎಂಟರ ಆಕಾರ. ಹೆಲ್ಮೆಟ್, ಸೀಟ್‌ಬೆಲ್ಟ್, ಒಂದು ಸಲಕ್ಕೆ ಒಂದೇ ಕಾರು. ಕಣ್ಣು ಹೋಗಬೇಕಾದ ಕಡೆ ಇರಬೇಕು, ಹೆದರಿದ ಕಡೆ ಅಲ್ಲ. ಹಿಡಿತ ಪೂರ್ತಿ ತಪ್ಪಿದ್ರೆ ಕ್ಲಚ್, ಬ್ರೇಕ್ ಎರಡನ್ನೂ ತುಳಿದು ಕಾರು ನಿಲ್ಲೋವರೆಗೆ ಕಾಯಬೇಕು. ನೋಡಿದ್ರಾ, ಚಿಕ್ಕಪ್ಪ ಕೆಸರಲ್ಲಿ ಕಲಿತಿದ್ದನ್ನೇ ಇಲ್ಲಿ ಫೀಸು ತಗೊಂಡು ಕಲಿಸ್ತಾರೆ.

ಒಂದು ಕಹಿ ವಿಷಯಾನೂ ಹೇಳಬೇಕು. ನಾರ್ವೆಯಲ್ಲಿ 1979ರಲ್ಲಿ ಹೊಸ ಡ್ರೈವರ್‌ಗಳಿಗೆ ಜಾರೋ ರಸ್ತೆಯ ತರಬೇತಿ ಕಡ್ಡಾಯ ಮಾಡಿದ್ರು. ಆಮೇಲೆ ಅದರ ಪರಿಣಾಮ ಅಧ್ಯಯನ ಮಾಡಿದಾಗ, ಯುವಕರಲ್ಲಿ ಅಪಘಾತದ ಅಪಾಯ ಕಡಿಮೆ ಆಗೋ ಬದಲು ಜಾಸ್ತಿ ಆಗಿತ್ತು. ನನಗೆ ಬರುತ್ತೆ ಅನ್ನೋ ಧೈರ್ಯ ಬಂದು, ಮೊದಲು ನಿಧಾನ ಮಾಡ್ತಿದ್ದ ಕಡೆ ಮಾಡಲಿಲ್ಲ ಅನ್ನೋದು ತಜ್ಞರ ವಿವರಣೆ. ಆಮೇಲೆ ಪಾಠವನ್ನೇ ಬದಲಾಯಿಸಿದ್ರು. ಜಾರಿದ ಕಾರನ್ನ ಹಿಡಿಯೋ ಚಾಕಚಕ್ಯತೆಗಿಂತ, ಎಷ್ಟು ಬೇಗ ಕೈ ತಪ್ಪುತ್ತೆ ಅನ್ನೋದನ್ನ ತೋರಿಸೋಕೆ ಶುರು ಮಾಡಿದ್ರು. ಇದನ್ನ ಓದಿದ ಮೇಲೆ, ಕಲಿತವನೇ ಸೇಫ್ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ.

ಇನ್ನು ಜಾಗದ ಪ್ರಶ್ನೆ. ಭದ್ರಾವತಿ ನ್ಯೂಟೌನ್, ಕಾಗದನಗರದ ರಸ್ತೆಗಳಲ್ಲಿ ಈಗ ಮೊದಲಿನಷ್ಟು ಓಡಾಟ ಇಲ್ಲ. ಖಾಲಿ ಇದೆ ಅನ್ಸುತ್ತೆ. ಖಾಲಿ ಇರೋದು ಬೇರೆ, ಮುಚ್ಚಿರೋದು ಬೇರೆ. ನಮ್ಮ ಪಕ್ಕದ ಚಿಕ್ಕಮಗಳೂರಿನಲ್ಲಿ ರ‍್ಯಾಲಿಗಳು ಕಾಫಿ ತೋಟದ ಒಳಗಿನ ಖಾಸಗಿ ರಸ್ತೆಗಳಲ್ಲಿ ನಡೆಯೋದು, ಹೊರಗಿನವರನ್ನ ತಡೆಯೋದು ಅಲ್ಲಿ ಸುಲಭ. ಅಷ್ಟಾದ್ರೂ ಎಚ್ಚರ ಸಾಕಾಗಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ರಾಷ್ಟ್ರೀಯ ರ‍್ಯಾಲಿಯೊಂದರಲ್ಲಿ, ಸ್ಪರ್ಧೆಗೆ ಅಂತ ಮುಚ್ಚಿದ್ದ ರಸ್ತೆಗೆ ಬೈಕ್ ಬಂತು. ಒಂದೇ ಕುಟುಂಬದ ಮೂವರು ಸತ್ರು. ಅನುಭವಿ ಡ್ರೈವರ್, ಮುಚ್ಚಿದ ರಸ್ತೆ, ಆಗಲೂ ಹೀಗೆ. ಇನ್ನು ಬಿ.ಎಚ್. ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಫ್ರೆಂಡ್ ಒಬ್ಬ ನಿಂತು "ಯಾರೂ ಬರ್ತಿಲ್ಲ ಬಾ" ಅಂದ್ರೆ ಅದಕ್ಕೆಷ್ಟು ಬೆಲೆ? ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಆಗಬಹುದು, ಒಬ್ಬನೇ ಅಪಾಯಕಾರಿಯಾಗಿ ಓಡಿಸಿದ್ರೆ 184 ಇದೆ.

ಆ ಹುಡುಗನಿಗೆ ಕೊನೆಗೆ ಹೀಗೆ ಬರೆದೆ: ಸ್ವಿಫ್ಟ್ ಬಿಡು. ಬೆಂಗಳೂರಿಗೆ ಹೋದಾಗ ಗೋ-ಕಾರ್ಟ್ ಓಡಿಸು. ಅದರ ಶಕ್ತಿ ಹಿಂದಿನ ಚಕ್ರಕ್ಕೇ ಹೋಗೋದು, ನೆಲಕ್ಕೆ ಅಂಟಿಕೊಂಡಿರುತ್ತೆ, ಹಿಂಭಾಗ ಜಾರೋದು ಬೆನ್ನಿಗೆ ಗೊತ್ತಾಗುತ್ತೆ. ಆಸೆ ಹೋಗದಿದ್ರೆ ಎಫ್‌ಎಂಎಸ್‌ಸಿಐ ಮಾನ್ಯತೆ ಇರೋ ಕ್ಲಬ್ಬಿನ ಆಟೋಕ್ರಾಸ್ ನೋಡೋಕೆ ಹೋಗು. ಗುರುತು ಹಾಕಿದ ಮೈದಾನದಲ್ಲಿ ಗಡಿಯಾರದ ವಿರುದ್ಧ ಓಡಿಸ್ತಾರೆ. ಅಲ್ಲಿನವರನ್ನ ಮಾತಾಡಿಸು, ಲೈಸೆನ್ಸ್ ಮಾಡಿಸು.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಅಣ್ಣಾ, ನಮ್ಮಜ್ಜನ ಪದ್ಮಿನಿ ಇನ್ನೂ ಶೆಡ್‌ನಲ್ಲಿದೆ. ನಾಲ್ಕೂ ಟಯರ್ ಗಾಳಿ ಹೋಗಿದೆ. ಅಜ್ಜನ್ನ ಕೇಳ್ಲಾ, ಮಳೇಲಿ ಹೇಗೆ ಓಡಿಸ್ತಿದ್ರು ಅಂತ?"

ಕೇಳು ಅಂದೆ. ರೆಕಾರ್ಡ್ ಮಾಡ್ಕೊಂಡು ನಂಗೂ ಕಳಿಸು ಅಂದೆ.