ಕೊಡಗಿನಲ್ಲಿ ಮಾತಿಲ್ಲದ ಮಾತು

ಕೊಡಗಿನ ಜನರು ಮಾತಿಲ್ಲದೆ ಮಾತಾಡುವ ಬಗೆಯನ್ನು ತಿಳಿಯಬೇಕಾದರೆ ಅವರ ಮನೆಗಳು ನಿಂತಿರುವ ಬಗೆಯನ್ನು ಮೊದಲು ತಿಳಿಯಬೇಕು. ನಮ್ಮ ಮೈಸೂರು ಸೀಮೆಯ ಬಯಲಿನಲ್ಲಿ ಮನೆಗೆ ಮನೆ ತಾಗಿಕೊಂಡಿರುವುದು. ಒಂದು ಕೇರಿಯಲ್ಲಿ ಅತ್ತರೆ ಮತ್ತೊಂದು ಕೇರಿಗೆ ಕೇಳಿಸುವುದು. ಊರಿಗೆಲ್ಲ ಸುದ್ದಿ ಮುಟ್ಟಿಸಲು ಹಿಂದೆ ತಳವಾರನ ತಮಟೆಯೊಂದು ಸಾಕಾಗುತ್ತಿತ್ತು. ಕೊಡಗಿನಲ್ಲಿ ಹಾಗಲ್ಲ. ಅಲ್ಲಿ ಹಲವು ಜನಾಂಗಗಳುಂಟಾದರೂ ನಾವು ಇಲ್ಲಿ ಹೇಳುವುದು ಮುಖ್ಯವಾಗಿ ಕೊಡವರ ವಿಚಾರ. ಒಬ್ಬ ಮೂಲಪುರುಷನಿಂದ ಬಂದ ಮನೆತನಕ್ಕೆ ಅವರು ಒಕ್ಕವೆನ್ನುವರು; ಆ ಒಕ್ಕದ ಪೂರ್ವಿಕರ ಮನೆ ಐನ್‌ಮನೆ. ಒಂದೊಂದು ಐನ್‌ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ತನ್ನ ಬಾಣೆಯ ಮರಗಳ ಮರೆಯಲ್ಲಿ ಒಂಟಿಯಾಗಿ ನಿಂತಿರುವುದು. ನೆರೆಮನೆಯೆಂದರೆ ಒಂದು ಗುಡ್ಡದಾಚೆ, ಇಲ್ಲವೆ ಒಂದು ತೋಡಿನಾಚೆ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಡದು; ತೋಡುಗಳು ತುಂಬಿ ಹರಿಯುವುವು; ಕಾಲುದಾರಿಗಳು ಕಾಣಿಸವು. ಇಂತಹ ನಾಡಿನಲ್ಲಿ ಮನೆಯ ಹಿರಿಯನು ಅಪರಾತ್ರಿಯಲ್ಲಿ ಕಣ್ಣು ಮುಚ್ಚಿದರೆ ನೆರೆಯವರಿಗೆ ತಿಳಿಸುವುದೆಂತು?

ಅಂಗಳಕ್ಕೆ ಬಂದು ಕೋವಿಯನ್ನು ಆಕಾಶಕ್ಕೆ ಎತ್ತಿ ಎರಡು ಗುಂಡು ಹಾರಿಸುವರು. ಅಷ್ಟೆ. ಕೇಳಿದವರು ಕೈಕೆಲಸವನ್ನು ಬಿಟ್ಟು, ಸದ್ದು ಬಂದ ದಿಕ್ಕನ್ನು ಹಿಡಿದು ಹೊರಡುವರು. ಕರೆಯಲು ಆಳು ಬರಬೇಕೆಂದು ಕಾಯುವ ಪ್ರಶ್ನೆಯೇ ಇಲ್ಲ. ಆ ಸದ್ದೇ ಕರೆ.

ಗಂಡುಮಗು ಹುಟ್ಟಿದಾಗಲೂ ಅದೇ ಅಂಗಳದಲ್ಲಿ ಅದೇ ಕೋವಿ. ಆದರೆ ಒಂದೇ ಗುಂಡು. ಸಾಧನ ಒಂದು, ಮದ್ದು ಒಂದು, ಸದ್ದೂ ಒಂದೇ. ಜನನ ಮರಣಗಳ ನಡುವಣ ಭೇದವೆಲ್ಲ ಎಣಿಕೆಯಲ್ಲಿ ಅಡಗಿರುವುದು. ಆದುದರಿಂದ ಮೊದಲನೆಯ ಸದ್ದನ್ನು ಕೇಳಿದ ಕೂಡಲೆ ಯಾರೂ ಸಂತೋಷಪಡುವಂತಿಲ್ಲ, ದುಃಖಿಸುವಂತೆಯೂ ಇಲ್ಲ. ಎರಡನೆಯದು ಬರುವುದೋ ಇಲ್ಲವೋ ಎಂದು ಕಿವಿಗೊಟ್ಟು ನಿಲ್ಲಬೇಕು. ಆ ನಡುವಣ ನಿಶ್ಶಬ್ದವೂ ಈ ಭಾಷೆಯ ಒಂದು ಅಕ್ಷರವೆಂದೇ ನಮ್ಮ ಎಣಿಕೆ. ಇನ್ನೊಂದು ಮಾತು. ಸತ್ತವರು ಯಾರೆಂಬುದನ್ನು ಗುಂಡು ಹೇಳುವುದಿಲ್ಲ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯ ಸೊಸೆಗೆ ದಿನ ತುಂಬಿದೆ ಎಂಬುದೆಲ್ಲ ಕೇಳುವವನಿಗೆ ಮೊದಲೇ ಗೊತ್ತಿರುವುದು. ಸದ್ದು ಅರ್ಧ ವಾಕ್ಯವನ್ನು ಹೇಳಿದರೆ ಉಳಿದರ್ಧವನ್ನು ನೆರೆಹೊರೆಯ ತಿಳಿವಳಿಕೆ ತುಂಬಿಕೊಡುವುದು. ಕೊಡವರ ನುಡಿಯಲ್ಲಿ ಕೋವಿಗೆ ತೋಕ್ ಎಂದೂ ಮಾತಿಗೆ ತಕ್ಕ್ ಎಂದೂ ಹೆಸರು. ಈ ಎರಡು ಶಬ್ದಗಳಿಗೆ ನಂಟು ಕಲ್ಪಿಸುವ ಉತ್ಸಾಹ ನಮಗಿಲ್ಲ. ನಿರುಕ್ತದ ಹೆಸರಿನಲ್ಲಿ ಅಂತಹ ಸಾಹಸಗಳು ನಮ್ಮಲ್ಲಿ ಬೇಕಾದಷ್ಟು ನಡೆದಿವೆ.

ಕೋವಿಗಿಂತ ಹಳೆಯದಾದ ಸಂಕೇತವೊಂದು ಹುಟ್ಟಿನ ಮನೆಯೊಳಗೇ ಉಂಟು. ಹರಳುಗಿಡದ ದಂಟಿನಿಂದ ಪುಟ್ಟ ಬಿಲ್ಲು ಬಾಣಗಳನ್ನು ಮಾಡಿ ನವಜಾತ ಗಂಡುಮಗುವಿನ ಕೈಗೆ ತಾಗಿಸುವ ಪದ್ಧತಿಯದು. ಬಿಲ್ಲು ಮನೆಯವರಿಗೆ ಹೇಳುವ ಮಾತು, ಗುಂಡು ನಾಡಿಗೆ ಹೇಳುವ ಮಾತು. ಹೆಣ್ಣುಮಗು ಹುಟ್ಟಿದರೆ ಬಿಲ್ಲೂ ಇಲ್ಲ, ಗುಂಡೂ ಇರಲಿಲ್ಲ. ಮಾತಿಲ್ಲದ ಭಾಷೆಯಲ್ಲಿ ಸುಮ್ಮನಿರುವುದಕ್ಕೂ ಅರ್ಥವುಂಟಾಗುವುದರಿಂದ, ಈ ಮೌನವನ್ನು ನಾವು ಕೇಳಿಸದಂತೆ ದಾಟಿಹೋಗುವುದು ಸರಿಯಲ್ಲ.

ಆದರೆ ಆ ಹೆಣ್ಣುಮಗಳು ಬೆಳೆದು ಮದುವೆಯಾಗುವ ದಿನ ಅವಳಿಗಾಗಿ ಬೇರೊಂದು ಸಂಕೇತ ಕಾದಿರುವುದು. ಕೊಡವರ ಮದುವೆಯಲ್ಲಿ ‘ಸಮ್ಮಂಧ ಅಡ್ಕುವೊ’ ಎಂಬುದು ಮುಖ್ಯ ಘಟ್ಟ. ಅರುವನೆಂದರೆ ಒಂದು ಒಕ್ಕದ ಪರವಾಗಿ ನಿಂತು ಅದರ ನಡಾವಳಿಗಳನ್ನು ನಡೆಸಿಕೊಡುವ ಹಿರಿಯ. ಎರಡು ಕಡೆಯ ಅರುವರೂ ಎದುರುಬದುರು ನಿಂತು ಪ್ರಶ್ನೋತ್ತರ ನಡೆಸುವರು. ಹೊಲ ಮನೆ ದನ ಕರು ಪಾತ್ರೆ ಪದಾರ್ಥ ಎಲ್ಲದರಲ್ಲಿಯೂ ವಧುವಿಗೆ ಹೊಸ ಮನೆಯ ಹಕ್ಕನ್ನು ಕೇಳಿ ಪಡೆಯುವರು. ಇದಿಷ್ಟು ಮಾತಿನ ಕೆಲಸ. ಆಮೇಲೆ ಕಲ್ಲುಗಳ ಕೆಲಸ. ಒಂದು ಒಕ್ಕದಲ್ಲಿ ಇರುವ ಪೂರ್ಣ ಹಕ್ಕಿಗೆ ಹನ್ನೆರಡು ಸಣ್ಣ ಕಲ್ಲುಗಳು ಗುರುತು. ವಧುವಿನ ಪಾಲಿಗೆ ಗಂಡನ ಒಕ್ಕದ ಕಡೆಗೆ ಸಲ್ಲುವುದು ಹನ್ನೊಂದು. ಮಿಕ್ಕ ಒಂದು ತವರಿನಲ್ಲಿ ಉಳಿಯುವುದು. ವಿಧವೆಯಾಗಿಯೋ, ನೊಂದು ಬೇಸತ್ತೋ ಅವಳು ಹಿಂದಿರುಗುವ ದಿನ ಬಂದರೆ ತವರಿನ ಬಾಗಿಲು ಅವಳಿಗೆ ಮುಚ್ಚಿಲ್ಲವೆಂಬುದಕ್ಕೆ ಆ ಕಲ್ಲು ಸಾಕ್ಷಿ. ಪ್ರಶ್ನೋತ್ತರದ ಶಬ್ದಗಳನ್ನು ನೆರೆದವರು ಮರೆಯಬಹುದು, ತಿರುಚಲೂಬಹುದು. ಹನ್ನೆರಡರಲ್ಲಿ ಹನ್ನೊಂದು ಕಳೆದರೆ ಒಂದು ಉಳಿಯುವುದೆಂಬ ಲೆಕ್ಕವನ್ನು ತಿರುಚುವುದು ಕಷ್ಟ. ಗುಂಡಿನಲ್ಲಿ ಕಂಡಂತೆ ಇಲ್ಲಿಯೂ ಅರ್ಥವನ್ನು ಹೊತ್ತಿರುವುದು ಎಣಿಕೆಯೇ.

ಮದುವೆಯ ಇತರ ಸಂಕೇತಗಳೂ ಉಂಟು. ಮದುವೆ ನಿಶ್ಚಯವಾಗುವುದು ದೀಪದ ಮುಂದೆ ಎರಡು ಮನೆಯ ಹಿರಿಯರು ಕೈಗೆ ಕೈ ಕೊಟ್ಟಾಗ. ಎಲ್ಲ ಸಮಾರಂಭಗಳಿಗೆ ಕಪ್ಪು ಕುಪ್ಯ ತೊಡುವ ಗಂಡಸು ಬಿಳಿಯ ಕುಪ್ಯವನ್ನು ತೊಡುವುದು ಮದುಮಗನಾದಾಗ. ಮತ್ತೊಮ್ಮೆ ಅದನ್ನು ಅವನಿಗೆ ತೊಡಿಸುವುದು ಅವನು ತೀರಿಕೊಂಡಾಗ. ಇನ್ನು ಗಂಗಾಪೂಜೆ: ಮದುಮಗಳು ನೀರಿನ ಕೊಡವನ್ನು ತಲೆಯ ಮೇಲೆ ಹೊತ್ತು ಬರುತ್ತಿರಲು ಗಂಡನ ಕಡೆಯ ನಂಟರು ಅವಳ ದಾರಿಗೆ ಅಡ್ಡವಾಗಿ ಕುಣಿಯುವರು, ಗಂಟೆಗಟ್ಟಲೆ ಕುಣಿಯುವುದೂ ಉಂಟು. ಅವಳು ತುಟಿ ಬಿಚ್ಚದೆ, ಕೊಡ ತುಳುಕದಂತೆ ನಿಲ್ಲಬೇಕು. ಸೈರಣೆಯ ಪರೀಕ್ಷೆಯೆಂದು ಹೊಗಳುವವರು ಹೊಗಳಲಿ. ಹೊರೆ ಅವರ ತಲೆಯ ಮೇಲಿಲ್ಲವಷ್ಟೆ.

ಈ ಸಂಪ್ರದಾಯಗಳನ್ನು ಬರೆದಿಟ್ಟವರು ಹಲವರು. ೧೮೭೦ರಲ್ಲಿ ಪಾದ್ರಿ ರಿಕ್ಟರನು ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದನು, ೧೯೨೪ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಮದುವೆ, ಮರಣ, ಹಬ್ಬಗಳ ಪದ್ಧತಿಗಳನ್ನು ಹಾಡುಗಳೊಡನೆ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿದರು, ೧೯೫೨ರಲ್ಲಿ ಎಂ. ಎನ್. ಶ್ರೀನಿವಾಸರು ತಮ್ಮ ಗ್ರಂಥದಲ್ಲಿ ಕೊಡವರ ಆಚಾರಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. ಆದರೂ ಹೊರಗಿನವರ ಕಣ್ಣಿಗೆ ಕೊಡವನ ಕೋವಿಯು ಶೌರ್ಯದ ಲಾಂಛನವಾಗಿ ಕಂಡಷ್ಟು ನಾಲಗೆಯಾಗಿ ಕಾಣಲಿಲ್ಲ. ೧೮೫೭ರ ದಂಗೆಯ ಬಳಿಕ ಆಂಗ್ಲ ಸರಕಾರವು ಪ್ರಜೆಗಳ ಆಯುಧಗಳನ್ನು ಹಿಂದಕ್ಕೆ ಪಡೆಯುವ ಕಾಯಿದೆಯನ್ನು ತಂದಾಗ, ಅದು ಕೊಡವರಿಗೆ ಅನ್ವಯಿಸದೆಂದು ಮಾರ್ಕ್ ಕಬ್ಬನ್ನನು ೧೮೬೧ರ ಫೆಬ್ರವರಿ ೨೬ರಂದು ಪ್ರಕಟಿಸಿದನು. ರುಜು ಹಾಕಿದ ಎರಡು ತಿಂಗಳೊಳಗೆ ಅವನು ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸುಯೆಜಿನಲ್ಲಿ ತೀರಿಕೊಂಡನು. ಅವನ ಪ್ರಕಟಣೆ ಮಾತ್ರ ಉಳಿಯಿತು. ಅದರಲ್ಲಿ ಹೇಳಿದ ಕಾರಣಗಳು ಜನರ ನಿಷ್ಠೆ ಮತ್ತು ಪರಾಕ್ರಮ. ಬಾಣೆಯಾಚೆಯ ಮನೆಗೆ ಸಾವಿನ ಸುದ್ದಿ ಮುಟ್ಟಿಸಲು ಬೇರೆ ಉಪಾಯವಿಲ್ಲವೆಂಬ ಕಾರಣ ಅಲ್ಲಿಲ್ಲ. ಆ ವಿನಾಯಿತಿ ದೊರೆಯದೆ ಹೋಗಿದ್ದರೆ ಕೊಡಗು ಕಳೆದುಕೊಳ್ಳುತ್ತಿದ್ದುದು ಬರಿಯ ಬೇಟೆಯನ್ನಲ್ಲ. ತನ್ನ ಸತ್ತವರನ್ನು ಊರಿಗೆ ತಿಳಿಸುವ ಕಂಠವನ್ನು.

ಸ್ವತಂತ್ರ ಭಾರತದಲ್ಲಿಯೂ ವಿನಾಯಿತಿ ಮುಂದುವರಿಯಿತು. ೨೦೧೯ರಲ್ಲಿ ಕೇಂದ್ರ ಸರಕಾರವು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ಜನಾಂಗವನ್ನೂ ಹಿಡುವಳಿಯನ್ನೂ ನೋಡಿ ಹೀಗೆ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧವೆಂದು ನ್ಯಾಯಾಲಯದಲ್ಲಿ ವಾದ ಹೂಡಲಾಯಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಕಾಯಿದೆಯಿಂದ ಬಾರದ ತೊಡಕು ಈಗ ಬೇರೆ ದಿಕ್ಕಿನಿಂದ ಬಂದಿದೆ. ಸಾವಿನ ಸುದ್ದಿಯನ್ನು ಮೊದಲು ಮುಟ್ಟಿಸುವುದು ಕೈಯಲ್ಲಿನ ದೂರವಾಣಿ. ಗುಂಡು ಹಾರುವ ಹೊತ್ತಿಗೆ ಬೆಂಗಳೂರಿನ ಮಕ್ಕಳು ಆಗಲೇ ದಾರಿಯಲ್ಲಿರುತ್ತಾರೆ. ಕಾಫಿಯ ತೋಟಗಳಲ್ಲಿ ತಂಗುವ ಪ್ರವಾಸಿಗರಿಗೆ ಒಂದಕ್ಕೂ ಎರಡಕ್ಕೂ ಭೇದ ತಿಳಿಯದು. ತೋಟಕ್ಕೆ ನುಗ್ಗುವ ಆನೆಗಳನ್ನು ಅಟ್ಟುವುದಕ್ಕಾಗಿ ರಾತ್ರಿಯ ಹೊತ್ತು ಪಟಾಕಿ ಸಿಡಿಸುವುದೂ ಈಚೆಗೆ ಹೆಚ್ಚಾಗಿದೆ. ಹಳೆಯ ಕಿವಿಯವರು ಇಂದಿಗೂ ಮೊದಲನೆಯ ಸದ್ದಿಗೆ ಎಲೆಯ ಮೇಲಿನ ಕೈಯನ್ನು ತಡೆದು ಕಾಯುವರು. ಎರಡನೆಯದರ ಹಿಂದೆಯೇ ಮೂರನೆಯದೂ ನಾಲ್ಕನೆಯದೂ ಕೇಳಿಬಂದರೆ, ಆನೆಯೆಂದುಕೊಂಡು ಊಟವನ್ನು ಮುಂದುವರಿಸುವರು.