ದಿ ಲಾಸ್ಟ್ ಪಿಕ್ಚರ್ ಶೋ

ಅಮೆರಿಕದ ಟೆಕ್ಸಸ್ ರಾಜ್ಯದ ಸಣ್ಣ ಊರೊಂದರಲ್ಲಿ ಹರೆಯದ ಗೆಳೆಯರಿಬ್ಬರು ದೂರವಾಗುವ ಕಥೆಯುಳ್ಳ ಇಂಗ್ಲಿಷ್ ಚಲನಚಿತ್ರ (1971). ನಿರ್ದೇಶಕ ಪೀಟರ್ ಬಾಗ್ಡನೊವಿಚ್ (1939-2022). ಲ್ಯಾರಿ ಮ್ಯಾಕ್‌ಮರ್ಟ್ರಿ (1936-2021) ಬರೆದು 1966ರಲ್ಲಿ ಪ್ರಕಟವಾದ ಇದೇ ಹೆಸರಿನ ಕಾದಂಬರಿ ಇದಕ್ಕೆ ಆಧಾರ. ಚಿತ್ರಕಥೆಯನ್ನು ಇಬ್ಬರೂ ಸೇರಿ ರಚಿಸಿದರು.

ಹಿನ್ನೆಲೆ: ಮ್ಯಾಕ್‌ಮರ್ಟ್ರಿ ಬೆಳೆದದ್ದು ಉತ್ತರ ಟೆಕ್ಸಸಿನ ಆರ್ಚರ್ ಸಿಟಿಯಲ್ಲಿ. ದನಗಾಹಿಗಳ ಬದುಕು ಮುಗಿಯುತ್ತ ಬಂದು, ಎಣ್ಣೆ ಬಾವಿಗಳ ಹಣ ಕೆಲವರ ಕೈ ಮಾತ್ರ ಸೇರಿದ್ದ ಪ್ರದೇಶವದು. ಕಾದಂಬರಿಯಲ್ಲಿ ಈ ಊರಿಗೆ ಥಾಲಿಯಾ ಎಂದು ಹೆಸರು, ಚಿತ್ರದಲ್ಲಿ ಅನರೀನ್. ಕಥೆ ನಡೆಯುವುದು 1951-52ರಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ.

ಕಥಾವಸ್ತು: ಸನ್ನಿ ಮತ್ತು ಡ್ವೇನ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಆಪ್ತ ಗೆಳೆಯರು. ಮನೆಯ ಆಸರೆ ಇಬ್ಬರಿಗೂ ಅಷ್ಟಕ್ಕಷ್ಟೆ. ಊರಿನ ಬಿಲಿಯರ್ಡ್ಸ್ ಅಂಗಡಿ, ಕೆಫೆ, ಚಿತ್ರಮಂದಿರ ಮೂರನ್ನೂ ನಡೆಸುವ ಸ್ಯಾಮ್ ಎಂಬ ಹಿರಿಯನೇ ಈ ಹುಡುಗರಿಗೆ ತಂದೆಯ ಸ್ಥಾನದಲ್ಲಿದ್ದಾನೆ. ಡ್ವೇನ್ ಪ್ರೀತಿಸುವುದು ಸಿರಿವಂತರ ಮಗಳು ಜೇಸಿಯನ್ನು. ಸನ್ನಿಗೆ ತನ್ನ ಫುಟ್‌ಬಾಲ್ ತರಬೇತುದಾರನ ಹೆಂಡತಿ, ನಡುವಯಸ್ಸಿನ ರೂತ್ ಜೊತೆ ಸಂಬಂಧ ಬೆಳೆಯುತ್ತದೆ. ಗೆಳೆಯರಿಬ್ಬರೂ ಮೆಕ್ಸಿಕೋ ತಿರುಗಿ ಬರುವಷ್ಟರಲ್ಲಿ ಸ್ಯಾಮ್ ತೀರಿಕೊಂಡಿರುತ್ತಾನೆ. ಆತನ ಉಯಿಲಿನ ಪ್ರಕಾರ ಬಿಲಿಯರ್ಡ್ಸ್ ಅಂಗಡಿ ಸನ್ನಿಯ ಪಾಲಾಗುತ್ತದೆ. ಜೇಸಿ ಡ್ವೇನನನ್ನು ಬಿಟ್ಟು, ಮುಂದೆ ಸನ್ನಿಯ ಕಡೆ ವಾಲುತ್ತಾಳೆ. ಇದೇ ಕಾರಣಕ್ಕೆ ಹೊಡೆದಾಟವಾಗಿ, ಡ್ವೇನ್ ಬೀಸಿದ ಬಾಟಲಿಯಿಂದ ಸನ್ನಿಯ ಕಣ್ಣಿಗೆ ಗಾಯವಾಗುತ್ತದೆ. ಜೇಸಿ ಮತ್ತು ಸನ್ನಿ ಓಡಿಹೋಗಿ ಆಗುವ ಮದುವೆಯನ್ನು ಆಕೆಯ ಹೆತ್ತವರು ರದ್ದು ಮಾಡಿಸುತ್ತಾರೆ. ಡ್ವೇನ್ ಸೈನ್ಯ ಸೇರುತ್ತಾನೆ. ಕೊರಿಯಾಕ್ಕೆ ಹೊರಡುವ ಮುನ್ನ ಇಬ್ಬರೂ ಮತ್ತೆ ಮಾತಾಡಿ, ಮುಚ್ಚಲಿರುವ ಚಿತ್ರಮಂದಿರದ ಕೊನೆಯ ಪ್ರದರ್ಶನವನ್ನು ಜೊತೆಯಾಗಿ ನೋಡುತ್ತಾರೆ. ರಾಜಿಯಾದರೂ ಹಳೆಯ ಸಲಿಗೆ ಮರಳುವುದಿಲ್ಲ. ಮರುದಿನ ಡ್ವೇನ್ ಬಸ್ಸು ಹತ್ತಿದ ಮೇಲೆ, ಸನ್ನಿಯ ಆಶ್ರಯದಲ್ಲಿದ್ದ ಬಿಲ್ಲಿ ಎಂಬ ಮೂಕ ಹುಡುಗ ಲಾರಿಗೆ ಸಿಕ್ಕಿ ಸಾಯುತ್ತಾನೆ. ಸನ್ನಿ ತಾನು ಕೈಬಿಟ್ಟಿದ್ದ ರೂತ್ ಮನೆಗೆ ಹೋಗುವಲ್ಲಿ ಚಿತ್ರ ಮುಗಿಯುತ್ತದೆ.

ನಿರ್ಮಾಣ: ಚಲನಚಿತ್ರಗಳ ಕುರಿತು ಬರೆಯುತ್ತಿದ್ದ ಬಾಗ್ಡನೊವಿಚ್ 'ಟಾರ್ಗೆಟ್ಸ್' (1968) ಚಿತ್ರದ ಬಳಿಕ ಇದನ್ನು ಕೈಗೆತ್ತಿಕೊಂಡ. ಬಿಬಿಎಸ್ ಸಂಸ್ಥೆ ನಿರ್ಮಿಸಿ, ಕೊಲಂಬಿಯಾ ಹಂಚಿಕೆ ಮಾಡಿತು. ಚಿತ್ರೀಕರಣ ನಡೆದದ್ದು ಆರ್ಚರ್ ಸಿಟಿಯಲ್ಲೇ. ಬಣ್ಣದ ಚಿತ್ರಗಳೇ ರೂಢಿಯಾಗಿದ್ದ ಆ ಕಾಲದಲ್ಲಿ ನಿರ್ದೇಶಕ ಆರ್ಸನ್ ವೆಲ್ಸ್ ಸಲಹೆಯಂತೆ ಕಪ್ಪು-ಬಿಳುಪಿನಲ್ಲಿ ಚಿತ್ರಿಸಲಾಯಿತು. ಛಾಯಾಗ್ರಾಹಕ ರಾಬರ್ಟ್ ಸರ್ಟಿಸ್. ಪ್ರತ್ಯೇಕ ಹಿನ್ನೆಲೆ ಸಂಗೀತವಿಲ್ಲ. ಪಾತ್ರಗಳ ಸುತ್ತಲಿನ ರೇಡಿಯೋ, ಜ್ಯೂಕ್‌ಬಾಕ್ಸ್‌ಗಳಿಂದ ಹ್ಯಾಂಕ್ ವಿಲಿಯಮ್ಸ್ ಮೊದಲಾದವರ ಹಾಡುಗಳು ಕೇಳಿಬರುತ್ತವೆ. ಕೊನೆಯ ಪ್ರದರ್ಶನಕ್ಕೆ ಹೊವರ್ಡ್ ಹಾಕ್ಸ್ ನಿರ್ದೇಶನದ 'ರೆಡ್ ರಿವರ್' (1948) ಬಳಸಲಾಗಿದೆ. ಕಾದಂಬರಿಯಲ್ಲಿದ್ದುದು ಬೇರೆ ಚಿತ್ರ. ಟೆಕ್ಸಸಿನಿಂದ ಸಾವಿರಾರು ದನಗಳನ್ನು ಹೊಡೆದುಕೊಂಡು ಹೋಗುವ ಸಾಹಸದ 'ರೆಡ್ ರಿವರ್', ಹೋಗಲು ದಾರಿ ಕಾಣದ ಈ ಹುಡುಗರ ಸ್ಥಿತಿಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ತಿಮೊತಿ ಬಾಟಮ್ಸ್ (ಸನ್ನಿ), ಜೆಫ್ ಬ್ರಿಜಸ್ (ಡ್ವೇನ್) ಮತ್ತು ರೂಪದರ್ಶಿಯಾಗಿದ್ದ ಸಿಬಿಲ್ ಶೆಪರ್ಡ್ (ಜೇಸಿ) ಮುಖ್ಯ ಪಾತ್ರಧಾರಿಗಳು. ಬಿಲ್ಲಿಯಾಗಿ ನಟಿಸಿದವನು ತಿಮೊತಿಯ ತಮ್ಮ ಸ್ಯಾಮ್ ಬಾಟಮ್ಸ್. ಹಿರಿಯ ನಟ ಬೆನ್ ಜಾನ್ಸನ್ ಮೊದಲು ಸ್ಯಾಮ್ ಪಾತ್ರವನ್ನು ಒಲ್ಲೆನೆಂದು, ನಿರ್ದೇಶಕ ಜಾನ್ ಫೋರ್ಡ್ ಹೇಳಿದ ಮೇಲೆ ಒಪ್ಪಿಕೊಂಡ.

ಬಿಡುಗಡೆ, ಪ್ರಶಸ್ತಿ, ವಿವಾದ: 1971ರ ಅಕ್ಟೋಬರಿನಲ್ಲಿ ತೆರೆಕಂಡ ಚಿತ್ರ ವಿಮರ್ಶಕರ ಮೆಚ್ಚುಗೆ ಪಡೆದು ಒಳ್ಳೆಯ ಗಳಿಕೆಯನ್ನೂ ಕಂಡಿತು. ಎಂಟು ಆಸ್ಕರ್ ನಾಮನಿರ್ದೇಶನಗಳಲ್ಲಿ ಎರಡು ಪ್ರಶಸ್ತಿ ದೊರೆತವು: ಪೋಷಕ ನಟ ಬೆನ್ ಜಾನ್ಸನ್ ಮತ್ತು ರೂತ್ ಪಾತ್ರದ ಪೋಷಕ ನಟಿ ಕ್ಲೋರಿಸ್ ಲೀಚ್‌ಮನ್. ನಗ್ನ ದೃಶ್ಯಗಳ ಕಾರಣಕ್ಕೆ 1973ರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಅಧಿಕಾರಿಗಳು ಇದರ ಪ್ರದರ್ಶನವನ್ನು ಆಕ್ಷೇಪಿಸಿದಾಗ, ಫೆಡರಲ್ ನ್ಯಾಯಾಲಯ ಇದು ಅಶ್ಲೀಲವಲ್ಲವೆಂದು ತೀರ್ಪಿತ್ತಿತು.

ಮಹತ್ತ್ವ: ಗೆಳೆತನ ಮುರಿಯಲು ಇಲ್ಲಿ ಖಳನಾಯಕನಿಲ್ಲ. ಹೊಡೆದಾಟಕ್ಕೆ ಜೇಸಿ ನೆಪವಾದರೂ ಬಿರುಕಿನ ಬೇರು ಇನ್ನೂ ಆಳದಲ್ಲಿದೆ. ಹುಡುಗರನ್ನು ಒಟ್ಟಿಗೆ ಹಿಡಿದಿದ್ದ ಶಾಲೆ, ಸ್ಯಾಮ್, ಚಿತ್ರಮಂದಿರ ಒಂದೊಂದಾಗಿ ಇಲ್ಲವಾಗುತ್ತವೆ. ಉಳಿದವನಿಗೆ ಊರು, ಹೊರಟವನಿಗೆ ಯುದ್ಧ. ಹರೆಯವನ್ನು ಸಿಹಿ ನೆನಪಾಗಿಸದೆ, ಊರಿನ ಅವನತಿ ಮತ್ತು ಗೆಳೆತನದ ಅವನತಿ ಎರಡನ್ನೂ ಒಂದೇ ಎಳೆಯಲ್ಲಿ ಹೇಳಿದ್ದು ಈ ಚಿತ್ರದ ಸಾಧನೆ.

ಉತ್ತರಭಾಗ: ಮ್ಯಾಕ್‌ಮರ್ಟ್ರಿ ಇದೇ ಪಾತ್ರಗಳ ನಡುವಯಸ್ಸಿನ ಬದುಕನ್ನು 'ಟೆಕ್ಸಸ್‌ವಿಲ್' (1987) ಕಾದಂಬರಿಯಲ್ಲಿ ಮುಂದುವರಿಸಿದ. ಮೂಲ ಚಿತ್ರದ ಪ್ರಮುಖ ನಟರನ್ನೇ ಸೇರಿಸಿ ಬಾಗ್ಡನೊವಿಚ್ ಅದನ್ನು 1990ರಲ್ಲಿ ಬಣ್ಣದಲ್ಲಿ ತೆರೆಗೆ ತಂದರೂ ಮೊದಲಿನ ಯಶಸ್ಸು ಸಿಗಲಿಲ್ಲ. 'ದಿ ಲಾಸ್ಟ್ ಪಿಕ್ಚರ್ ಶೋ' 1998ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು.