ದೊಡ್ಡ ನಕ್ಷೆ, ಒಂಟಿ ಹಕ್ಕಿ

ಮುಂಬೈ, ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಟವರಿಗೆ ಸೋಲಾಪುರ ಬಂತೆಂದರೆ ಇನ್ನೇನು ಕಲಬುರಗಿ, ರಾಯಚೂರು ಬಂದೇಬಿಟ್ಟವು ಎಂಬ ಸಡಗರ. ಕಿಟಕಿಯಾಚೆ ಜೋಳದ ಹೊಲ, ನಡುನಡುವೆ ಮರವಿಲ್ಲದ ಹುಲ್ಲುನೆಲ. 'ಬರೀ ಬರಡು' ಎಂದು ನಾವು ಮುಖ ತಿರುಗಿಸುತ್ತೇವೆ. ಆದರೆ ಈ ಬರಡೇ ಎರೆಭೂತದ ತವರು.

ಎರೆ ಎಂದರೆ ನಮ್ಮ ಕರಿಮಣ್ಣಿನ ನೆಲ. ಎರೆಭೂತ ಒಂದು ಮೀಟರ್ ಎತ್ತರದ, ಹದಿನೈದು ಕಿಲೋವರೆಗೂ ತೂಗುವ ಹಕ್ಕಿ. ಗೂಡು ಕಟ್ಟದೆ ಬಯಲಲ್ಲೇ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿ ಅವರು ವಾದಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

1969ರ ಅಂದಾಜಿನಂತೆ ದೇಶದಲ್ಲಿದ್ದ ಎರೆಭೂತಗಳು ಸುಮಾರು 1,260. ಬೇಟೆ ನಿಲ್ಲಿಸಲು 1972ರ ವನ್ಯಜೀವಿ ಕಾಯ್ದೆ ಬಂತು. ಆಮೇಲೆ ಅಭಯಾರಣ್ಯಗಳ ಸರದಿ. 1979ರಲ್ಲಿ ಸೋಲಾಪುರದ ನಾನ್ನಜ್ ಸುತ್ತ ಸುಮಾರು 8,496 ಚದರ ಕಿಲೋಮೀಟರ್ ನೆಲವನ್ನು ಎರೆಭೂತದ ಹೆಸರಿಗೆ ಬರೆದರು. ಹಕ್ಕಿ ದೂರದೂರ ಅಲೆಯುತ್ತದೆ, ಆದ್ದರಿಂದ ಜಾಗವೂ ದೊಡ್ಡದಿರಲಿ ಎಂಬುದು ಲೆಕ್ಕ. ಆದರೆ ಆ ಗೆರೆಯೊಳಗೆ ಊರುಗಳಿದ್ದವು, ರೈತರ ಸ್ವಂತ ಹೊಲಗಳಿದ್ದವು. ಹೊಲ ಮಾರಲು, ಕಟ್ಟಡ ಕಟ್ಟಲು ತೊಡಕಾದಾಗ ಜನ ಯಾರನ್ನು ಬೈಯಬೇಕು? ಹಕ್ಕಿಯನ್ನೇ. ಮೂರು ದಶಕ ಕಳೆದ ಮೇಲೆ ಆ ಗಡಿಯನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ನೀರಾವರಿ ಬಂದು ಜೋಳದ ಜಾಗಕ್ಕೆ ಕಬ್ಬು ಕಾಲಿಟ್ಟಿತ್ತು.

ಮಧ್ಯಪ್ರದೇಶದ ಕರೇರಾದಲ್ಲಿ ಇನ್ನೂ ಕಹಿ ಅನುಭವ. 1981ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ರಕ್ಷಣೆ ಸಿಕ್ಕ ಕೃಷ್ಣಮೃಗಗಳು ಹೆಚ್ಚಿ ಬೆಳೆ ಮೇಯ್ದವು. ರೈತರು ಬೇಸತ್ತರು. 1990ರ ದಶಕದಲ್ಲಿ ಎರೆಭೂತ ಅಲ್ಲಿಂದ ಮಾಯವಾಯಿತು, ಹೆಸರು ಮಾತ್ರ ಕಾಗದದಲ್ಲಿ ಉಳಿಯಿತು.

ನಮ್ಮ ರಾಣೆಬೆನ್ನೂರಿನದು ಬೇರೆಯೇ ತಪ್ಪು. 1974ರಲ್ಲಿ ಅಭಯಾರಣ್ಯವಾದ ಅಲ್ಲಿನ ಬಯಲಲ್ಲಿ ಕೃಷ್ಣಮೃಗದ ಜೊತೆ ಎರೆಭೂತವೂ ಇತ್ತು. ಆದರೆ ಅಲ್ಲಿನ ಬಹುಭಾಗ ನೀಲಗಿರಿ ತೋಪಾಗಿತ್ತು. ಮರ ನೆಟ್ಟರೆ ಪುಣ್ಯ ಎಂಬ ಮಾತು ಬಯಲ ಹಕ್ಕಿಗೆ ಶಾಪವಾಯಿತು. ಈಗ ಕರ್ನಾಟಕದಲ್ಲಿ ಇದರ ಹೆಸರು ಕೇಳಿಬರುವುದು ಬಳ್ಳಾರಿಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಲ್ಲಿ.

ಇಂದು ಉಳಿದ ಸುಮಾರು ನೂರೈವತ್ತು ಹಕ್ಕಿಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಸೀಮೆಯಲ್ಲಿವೆ. ಎದುರಿನದನ್ನು ಸರಿಯಾಗಿ ಕಾಣದ ಈ ಭಾರದ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ತಂತಿಗಳ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶಕ್ಕೂ ಕಾರಣವಾಯಿತು. 2019ರಿಂದ ಅಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ ಸಾಕುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಸಂತೋಷವೇ. ಆದರೆ ಸಾಕಿದ ಮರಿಯನ್ನು ನಾಳೆ ಬಿಡುವುದೆಲ್ಲಿ? ಅದಕ್ಕೆ ಬಯಲು ಬೇಕು, ಬಯಲ ಪಕ್ಕದ ರೈತನ ಮನಸ್ಸೂ ಬೇಕು. ನಲವತ್ತು ವರ್ಷಗಳ ಯೋಜನೆಗಳಲ್ಲಿ ಗೆರೆ ಎಳೆದವರು ಮೊದಲು ಕೇಳಬೇಕಿದ್ದದ್ದು ಅವನನ್ನೇ.

ಮುಂದಿನ ಸಲ ಊರಿಗೆ ಹೊರಟಾಗ, ಸೋಲಾಪುರ ದಾಟುವಾಗ ಮಕ್ಕಳಿಗೆ ಆ ಹುಲ್ಲುನೆಲ ತೋರಿಸಿ. ಬರಡು ಎನ್ನಬೇಡಿ, ಎರೆಭೂತದ ಮನೆ ಎನ್ನಿ.